ಜಾಗ ನೋಡುವ ಶಾಸ್ತ್ರ

ನನ್ನ ಭಾವ ಪಂಚಾಕ್ಷರಯ್ಯನವರು ಪುರಸಭೆ ಚುನಾವಣೆಯಲ್ಲಿ ಸೋತದ್ದು ಭಾನುವಾರ. ಸೋತದ್ದು ಅವರಿಗೆ ಮನವರಿಕೆಯಾದದ್ದು ಸೋಮವಾರ ಬೆಳಿಗ್ಗೆ, ಪೇಟೆ ಬೀದಿಯಲ್ಲಿ ಕಾರು ನಿಲ್ಲಿಸಲು ಹೋದಾಗ. ಎಣಿಕೆ ತಪ್ಪಿರಬಹುದು, ಮತಯಂತ್ರ ಕೆಟ್ಟಿರಬಹುದು, ಎದುರಾಳಿ ಚಪ್ಪಲಿ ಅಂಗಡಿ ಹಾಲಪ್ಪ ಮನೆಮನೆಗೂ ಜೋಡು ಹಂಚಿರಬಹುದು ಎಂದು ಅಲ್ಲಿಯವರೆಗೆ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಆದರೆ ಪೇಟೆ ಬೀದಿಯನ್ನು ಯಾರೂ ಕೊಂಡುಕೊಂಡಿರಲು ಸಾಧ್ಯವಿಲ್ಲ ಎಂಬುದು ನಮ್ಮೂರಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಅಂದು ಅವರು ತಾವೇ ಕಾರು ಓಡಿಸಿಕೊಂಡು ಬಂದಿದ್ದರು. ಅವರ ಡ್ರೈವರ್ ಮಹಾಂತೇಶ ಫಲಿತಾಂಶ ಬಂದ ಸಂಜೆಯೇ ಹೋಗಿ ಹಾಲಪ್ಪನ ಮನೆ ಬಾಗಿಲಲ್ಲಿ ನಿಂತಿದ್ದ. ಹಾಲಪ್ಪನಿಗೆ ಇದ್ದದ್ದು ಒಂದು ಹಳೇ ಮೊಪೆಡ್, ಆದರೂ ನಿಂತಿದ್ದ. ಭಾವನ ಹತ್ತಿರ ಲೈಸೆನ್ಸ್ ಏನೋ ಇತ್ತು, ಪುರಸಭೆ ಅಧ್ಯಕ್ಷರಾಗಿದ್ದಾಗ ಯಾರೋ ಮನೆಗೇ ತಂದುಕೊಟ್ಟದ್ದು. ಗೇರು ಹಾಕುವುದು, ಬ್ರೇಕು ಒತ್ತುವುದು ಮಹಾಂತೇಶನನ್ನು ನೋಡಿ ನೋಡಿ ತಕ್ಕಮಟ್ಟಿಗೆ ಬಂದಿತ್ತು. ಔಷಧಿ ಅಂಗಡಿಯೆದುರು ಒಂದರ ಹಿಂದೆ ಒಂದು ಸಾಲಾಗಿ ನಿಂತಿದ್ದ ಕಾರುಗಳ ಪಕ್ಕ ರಸ್ತೆ ನಡುವೆಯೇ ನಿಲ್ಲಿಸಿ, ಎಡಗಡೆಯ ಇಂಡಿಕೇಟರ್ ಹಾಕಿ, ಕೈಕಟ್ಟಿ ಕೂತರು. ಬೀದಿ ಸರಿಯಲಿ ಎಂದು ಕಾದರು.

ನಮ್ಮ ಪೇಟೆ ಬೀದಿಯಲ್ಲಿ ದೊಡ್ಡವರ ಗಾಡಿ ಬಂದರೆ ನಿಂತ ಕಾರುಗಳು ತಾವಾಗಿ ಮುಂದಕ್ಕೂ ಹಿಂದಕ್ಕೂ ಸರಿದು ಜಾಗ ಬಿಡುತ್ತವೆ, ಬಸ್ಸಿನಲ್ಲಿ ಕೂತವರು ಪರಿಚಯದವರನ್ನು ಕಂಡು ಸರಿದು ಕೂರುವ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಸರಿಯುತ್ತವೆ, ಟೈರು ಪಂಕ್ಚರಾಗಿದ್ದರೂ ಸರಿಯುತ್ತವೆ. ಚಿಕ್ಕವರು ಬಂದರೆ ಇದ್ದಲ್ಲೇ ಇರುತ್ತವೆ. ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ನಿಂತ ಕಾರಿನ ಬಾನೆಟ್ ಮೇಲೆ ಚಹಾದ ಲೋಟ ಇಡಬಾರದು ಎಂಬುದಷ್ಟನ್ನು ಎಲ್ಲರೂ ಕಲಿತುಕೊಂಡಿದ್ದಾರೆ. ಬ್ಯಾಂಕಿನ ಮ್ಯಾನೇಜರು ಸಾಲ ಕೇಳಲು ಬಂದವರ ಕಾಗದಪತ್ರ ನೋಡುವ ಮೊದಲು ಕಿಟಕಿಯಿಂದ ಹೊರಗೆ ನೋಡುತ್ತಾರೆ. ಅಂದು ಬೆಳಿಗ್ಗೆ ಹಾಲಪ್ಪನ ಮೊಪೆಡ್ಡಿಗೆ ಬೀದಿ ಬಸ್ಸು ನಿಲ್ಲುವಷ್ಟು ಜಾಗ ಬಿಟ್ಟಿತ್ತಂತೆ. ಅಷ್ಟು ಜಾಗದಲ್ಲಿ ಎಲ್ಲಿ ಸ್ಟ್ಯಾಂಡ್ ಹಾಕಬೇಕೆಂದು ತಿಳಿಯದೆ ಪಾಪ, ಅವನು ಮೊಪೆಡ್ ಹಿಡಿದುಕೊಂಡು ಆಚೆಗೂ ಈಚೆಗೂ ಓಡಾಡಿದನಂತೆ.

ಹಾಗಾದರೆ ಚಿಕ್ಕವರು ಏನು ಮಾಡಬೇಕು? ಇದ್ದ ಸಂದಿಯಲ್ಲೇ ರಿವರ್ಸ್ ತೆಗೆದು, ಓರೆಯಾಗಿ ಹಿಂದಕ್ಕೆ ಹೋಗಿ, ಮೂತಿ ಒಳಗೆಳೆದುಕೊಂಡು ನಿಲ್ಲಿಸಬೇಕು. ಊರಿನ ಮುಕ್ಕಾಲು ಪಾಲು ಜನ ಮಾಡುವುದು ಅದನ್ನೇ, ಮಾಡುತ್ತೇವೆಂದು ಒಪ್ಪಿಕೊಳ್ಳುವವರು ಮಾತ್ರ ಯಾರೂ ಇಲ್ಲ. ರಿವರ್ಸ್ ಬರುತ್ತದೆ ಎಂದರೆ ಬೀದಿ ನಿಮ್ಮನ್ನು ಲೆಕ್ಕಕ್ಕೆ ಇಟ್ಟಿಲ್ಲ ಎಂದರ್ಥ. ಅದಕ್ಕೇ ಯಾರಾದರೂ ರಿವರ್ಸ್ ತೆಗೆಯುವುದು ಕಂಡರೆ ಮರ್ಯಾದಸ್ಥರು ತಕ್ಷಣ ಮುಖ ತಿರುಗಿಸಿ ಅಂಗಡಿಗಳ ಬೋರ್ಡು ಓದತೊಡಗುತ್ತಾರೆ. ಅದೇ ಬೀದಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ‘ಕಣ್ಣು ಪರೀಕ್ಷೆ ಉಚಿತ’ ಎಂಬ ನನ್ನ ಬೋರ್ಡು ಊರಿಗೆಲ್ಲ ಬಾಯಿಪಾಠ, ಪರೀಕ್ಷೆಗೆ ಬರುವವರು ಕಮ್ಮಿ.

ಭಾವನ ಕಾರಿನ ಹಿಂದೆ ಲಾರಿ ಬಂತು, ಲಾರಿಯ ಹಿಂದೆ ಬಸ್ಸು ಬಂತು. ಹಾರ್ನ್ ಹೊಡೆಯಲು ಆ ಡ್ರೈವರುಗಳಿಗೂ ಸಂಕೋಚ. ಪೊಲೀಸ್ ಪೇದೆ ನನ್ನ ಬೋರ್ಡನ್ನು ಎರಡೆರಡು ಸಲ ಓದಿದ. ಕೊನೆಗೆ ಭಾವ ಇಂಡಿಕೇಟರ್ ಆರಿಸಿ ಮುಂದೆ ಹೋದರು, ರಕ್ತದೊತ್ತಡದ ಮಾತ್ರೆ ತರದೆ ಮನೆಗೆ ವಾಪಸಾದರು. ನನಗೆ ಭಾವನನ್ನು ಕಂಡರೆ ಯಾವತ್ತೂ ಅಷ್ಟಕ್ಕಷ್ಟೆ. ಆದರೂ ಅಂದು ಅವರ ಮುಖ ನೋಡಿ ಪಾಪ ಎನ್ನಿಸಿತು.

ಸೋಲನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಕುತ್ತಿಗೆಗೆ ಬಂದದ್ದು ಮಗಳು ಭುವನಾಳ ನಿಶ್ಚಿತಾರ್ಥ. ಹುಡುಗ ವಿಶ್ವಾರಾಧ್ಯ, ದನದ ಆಸ್ಪತ್ರೆಯ ಡಾಕ್ಟರು. ನಾಯಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಶುರುವಾದ ಪರಿಚಯ. ಆ ವರ್ಷ ಆ ನಾಯಿಗೆ ಬಿದ್ದಷ್ಟು ಚುಚ್ಚುಮದ್ದು ಊರಿನ ಬೇರಾವ ನಾಯಿಗೂ ಬಿದ್ದಿರಲಿಕ್ಕಿಲ್ಲ. ಮಕ್ಕಳು ಒಪ್ಪಿಯಾಗಿತ್ತು, ಮನೆಯವರು ಒಪ್ಪಿಯಾಗಿತ್ತು, ದಿನವೂ ಗೊತ್ತಾಗಿತ್ತು. ಉಳಿದಿದ್ದದ್ದು ಜಾಗ ನೋಡುವ ಶಾಸ್ತ್ರ ಒಂದೇ.

ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಪೇಟೆ ಬೀದಿಯ ಛತ್ರದ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಹೆಣ್ಣಿನ ತಂದೆ ಕಾರಿನಲ್ಲಿ ಬರುತ್ತಾನೆ. ಬೀದಿ ಎಷ್ಟು ಮೊಳ ಸರಿಯಿತೆಂದು ಹಿರಿಯರು ಕಣ್ಣಳತೆಯಲ್ಲೇ ನೋಡಿ, ತಲೆಯಾಡಿಸಿದ ಮೇಲೆ ಎಲೆ ಅಡಿಕೆ ಮುಟ್ಟುತ್ತಾರೆ. ಆಮೇಲೆ ಗಂಡಿನ ತಂದೆಯ ಸರದಿ. ಹೋದ ವರ್ಷ ಎಣ್ಣೆ ಗಾಣದ ಶಂಭುಲಿಂಗಪ್ಪನವರಿಗೆ ಬೀದಿ ಒಂದಿಷ್ಟು ಸರಿದು, ಏನೋ ನೆನಪಾದಂತೆ ಮತ್ತೆ ಮುಚ್ಚಿಕೊಂಡಿತು. ಗಂಡಿನ ಕಡೆಯವರು ಪಾನಕವನ್ನೂ ಮುಟ್ಟದೆ ಎದ್ದುಹೋದರು. ಆ ಹುಡುಗಿಯನ್ನು ಕೊನೆಗೆ ದೂರದ ಊರಿಗೆ ಕೊಟ್ಟರು, ಬೀದಿಗಳು ಬರೀ ಬೀದಿಗಳಾಗಿರುವ ಊರಿಗೆ.

ಭಾವನ ಬೀಗರಾಗಬೇಕಿದ್ದ ಸದ್ಯೋಜಾತಪ್ಪನವರೋ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಒಂದಲ್ಲ ಒಂದು ಸಹಕಾರ ಸಂಘದ ಕುರ್ಚಿಯಲ್ಲಿ ಕೂತೇ ಕೂದಲು ಹಣ್ಣಾಗಿಸಿಕೊಂಡವರು. ರಿವರ್ಸ್ ಎಂಬ ಮಾತು ಕಿವಿಗೆ ಬಿದ್ದರೂ ಮೂಗು ಮುರಿಯುವವರು. “ನಮ್ಮ ವಂಶದಲ್ಲಿ ಗಾಡಿಗೆ ಹಿಂದಿನ ಗೇರು ಇದೆ ಅಂತಾನೇ ಯಾರಿಗೂ ಗೊತ್ತಿಲ್ಲ ಕಣ್ರೀ” ಎಂದು ನನ್ನ ಅಂಗಡಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದಾರೆ.

ಭಾವ ಮೊದಲು ಮಾಡಿದ್ದೆಲ್ಲ ಬೀದಿಯನ್ನು ಯಾಮಾರಿಸುವ ಪ್ರಯತ್ನ. ಅಧ್ಯಕ್ಷರ ಹಳೇ ಫಲಕವನ್ನು ಅಟ್ಟದಿಂದ ಇಳಿಸಿ ಕಾರಿಗೆ ಕಟ್ಟಿಕೊಂಡು ಹೋದರು. ಬೀದಿ ಮಿಸುಕಲಿಲ್ಲ. ಸನ್ಮಾನಗಳಲ್ಲಿ ಬಂದ ಶಾಲುಗಳಲ್ಲಿ ಒಳ್ಳೆಯದನ್ನು ಆರಿಸಿ ಹೊದ್ದುಕೊಂಡು ಹೋದರು. ಬೆವರಿದ್ದಷ್ಟೇ ಲಾಭ. ಒಂದು ದಿನ ಮುಂದಿದ್ದ ಕಾರು ಚೂರು ಸರಿಯಿತೆಂದು ಕೂಗುತ್ತ ಮನೆಗೆ ಬಂದು ಅಕ್ಕನ ಕೈಯಲ್ಲಿ ಕೇಸರಿಬಾತ್ ಮಾಡಿಸಿದರು. ಆ ಕಾರಿನೊಳಗೆ ಅದರ ಮಾಲೀಕನೇ ಕೂತಿದ್ದ, ಮನೆಗೆ ಹೊರಟಿದ್ದ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಸರಿಬಾತ್ ಚೆನ್ನಾಗಿತ್ತು, ಹೇಳುವುದನ್ನು ತಿಂದಾದ ಮೇಲೆ ಹೇಳಿದೆ.

“ಹಾಲಪ್ಪನ್ನ ಒಂದು ಮಾತು ಕೇಳ್ನೋಡಿ ಭಾವ. ಕಾರಲ್ಲಿ ನಿಮ್ಮ ಪಕ್ಕ ಕೂತ್ರೆ ಸಾಕು, ಬೀದಿ ಸರಿಯುತ್ತೆ” ಎಂದೆ.

“ಚನ್ನವೀರ, ನನ್ನ ಹೆಣದ ಪಕ್ಕ ಬೇಕಾದ್ರೆ ಕೂರ್ಲಿ ಅವನು” ಎಂದು ಎದ್ದು ಹೋದರು.

ಆಗ ಬಾಯಿಬಿಟ್ಟವಳು ನನ್ನ ಅಕ್ಕ ನೀಲಾಂಬಿಕೆ. ಭಾವ ರಾಜಕೀಯದಲ್ಲಿದ್ದಷ್ಟು ಕಾಲವೂ ಅವಳು ಬಂದವರಿಗೆ ಕಾಫಿ ಮಾಡಿದವಳು, ಮಾತಾಡಿದ್ದು ಕಮ್ಮಿ. ಅಡುಗೆಮನೆಯಿಂದ ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡು, “ರೀ, ರಿವರ್ಸ್ ಕಲೀರಿ. ಬೀದಿ ಸರಿಯದಿದ್ರೆ ಬೇಡ. ರೋಡ್ ಮಧ್ಯ ನಿಂತು ಮಾನ ಕಳ್ಕೊಳ್ಳೋದಕ್ಕಿಂತ ಗಾಡಿ ನೆಟ್ಟಗೆ ನಿಲ್ಸೋದು ವಾಸಿ” ಎಂದಳು.

“ನಾನು ಯಾವತ್ತೂ ಹಿಂದೆ ಸರಿದೋನಲ್ಲ” ಎಂದರು ಭಾವ. ಭಾಷಣದ ದನಿ ತಾನಾಗಿ ಬಂದುಬಿಟ್ಟಿತ್ತು.

“ಗೊತ್ತು. ಅದಕ್ಕೇ ಗಾಡಿ ಮನೇಲಿದೆ, ಮಾತ್ರೆ ಅಂಗಡೀಲಿದೆ” ಎಂದಳು ಅಕ್ಕ.

ಮರುದಿನ ಮಧ್ಯಾಹ್ನ ಊರು ಊಟ ಮಾಡಿ ಅಡ್ಡಾಗಿದ್ದಾಗ ನಾವು ಮೂವರೂ ಮುಚ್ಚಿದ ಅಕ್ಕಿ ಗಿರಣಿಯ ಅಂಗಳಕ್ಕೆ ಹೋದೆವು. ಅಲ್ಲಿ ಕೆಟ್ಟು ನಿಂತ ಎರಡು ಟೆಂಪೋಗಳಿದ್ದವು, ನಡುವೆ ಒಂದು ಕಾರು ಹಿಡಿಯುವಷ್ಟು ಸಂದಿ. ಕಲಿಸುವವನು ನಾನು ಎಂದುಕೊಂಡು ಭಾವ ನನ್ನ ಮುಖ ನೋಡಿದರು. ನನಗೆ ಬರುವುದು ಸ್ಕೂಟರ್ ಮಾತ್ರ. ಅಕ್ಕ ಭಾವನನ್ನು ಪಕ್ಕದ ಸೀಟಿಗೆ ಕಳಿಸಿ ಸ್ಟಿಯರಿಂಗ್ ಹಿಂದೆ ಕೂತಳು. ಮುಂದಿನ ಟೆಂಪೋದ ಪಕ್ಕ ಒಂದು ಕ್ಷಣ ನಿಲ್ಲಿಸಿ, ಹಿಂತಿರುಗಿ ನೋಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದಳು. ರೊಟ್ಟಿಯನ್ನು ಹೆಂಚಿಗೆ ಹಾಕಿದಷ್ಟು ಸಲೀಸಾಗಿ ಕಾರು ಸಂದಿಯಲ್ಲಿ ಕೂತಿತು.

ಭಾವ ಕತ್ತು ಹೊರಗೆ ಹಾಕಿ ಟೆಂಪೋಗೂ ಕಾರಿಗೂ ನಡುವೆ ಎಷ್ಟು ಜಾಗ ಉಳಿದಿದೆಯೆಂದು ನೋಡಿದರು. “ಯಾವಾಗ ಕಲಿತೆ?” ಎಂದರು.

“ನೀವು ಅಧ್ಯಕ್ಷರಾದ ವರ್ಷ. ನಿಮ್ಗೆ ಮೀಟಿಂಗು, ಮಹಾಂತೇಶ ನಿಮ್ಜೊತೆ. ಅತ್ತೇನ ಆಸ್ಪತ್ರೆಗೆ ಯಾರು ಕರ್ಕೊಂಡ್ ಹೋಗ್ಬೇಕಿತ್ತು? ನನ್ನ ತವರಿನ ಹಳೇ ಕಾರಲ್ಲೇ ಕಲಿತೆ.”

“ಅಲ್ಲ, ಅಧ್ಯಕ್ಷರ ಹೆಂಡ್ತಿಗೆ ಬೀದಿ ಸರೀಲಿಲ್ವಾ?”

“ಬೀದಿಗೆ ನಿಮ್ಮ ಪರಿಚಯ ಇತ್ತು. ನನ್ನ ಪರಿಚಯ ಯಾರು ಮಾಡ್ಸಿದ್ರು?” ಎಂದಳು ಅಕ್ಕ. ಸಿಟ್ಟಿನಿಂದ ಹೇಳಲಿಲ್ಲ, ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಳು. ನಾನೂ ತಮ್ಮನಾಗಿ ಇಷ್ಟು ವರ್ಷ ಅದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡು, ಅವಳು ಬಂದಾಗಲೆಲ್ಲ ಎದುರಂಗಡಿಯ ಬೋರ್ಡು ಓದುತ್ತಿದ್ದವನೇ. ಭಾವ ಇಳಿದು ಸುತ್ತು ಬಂದು ಡ್ರೈವರ್ ಸೀಟಿನ ಬಾಗಿಲ ಹತ್ತಿರ ನಿಂತರು.

ಕಲಿಯುವುದು ಸುಲಭವಾಗಲಿಲ್ಲ. ಭಾವನಿಗೆ ಹಿಂದೆ ನೋಡುವ ಅಭ್ಯಾಸವೇ ಇರಲಿಲ್ಲ, ಹಿಂದೆ ಯಾವಾಗಲೂ ಜನ ಇದ್ದೇ ಇರುತ್ತಿದ್ದರು. ಕನ್ನಡಿ ನೋಡಿ ಎಂದರೆ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು. ಎಡಕ್ಕೆ ತಿರುಗಿಸಿ ಎಂದರೆ, “ಆಯ್ತು, ಮಾಡೋಣ, ನೋಡೋಣ” ಎನ್ನುತ್ತ ನೆಟ್ಟಗೇ ಹೋಗಿ ಟೆಂಪೋಗೆ ಗುದ್ದುತ್ತಿದ್ದರು. ಗುದ್ದಿದ ಮೇಲೆ ಟೆಂಪೋ ನಿಲ್ಲಿಸಿದವನನ್ನು ಬೈಯುತ್ತಿದ್ದರು.

“ರೀ, ಆಶ್ವಾಸನೆ ಬೇಡ, ಸ್ಟಿಯರಿಂಗ್ ತಿರುಗ್ಸಿ. ಮುಂದಿನ ಗಾಡಿ ಪಕ್ಕ ಸಮಕ್ಕೆ ನಿಲ್ಸಿ. ಪೂರ್ತಿ ಎಡಕ್ಕೆ. ನಿಧಾನ. ಓರೆ ಆಯ್ತಾ? ಈಗ ಸೀದಾ ಮಾಡಿ. ನಿಮ್ಮ ಮೂತಿ ಅವನ ಬಂಪರ್ ದಾಟಿದ್ಮೇಲೆ ಪೂರ್ತಿ ಬಲಕ್ಕೆ. ಅಷ್ಟೇ.”

“ಅಷ್ಟೇ ಅಂತೆ” ಎಂದು ಭಾವ ನನ್ನ ಕಡೆ ತಿರುಗಿ ಹೇಳಿದರು. ಆ ಗಳಿಗೆಯಲ್ಲಿ ಟೆಂಪೋದ ಇನ್ನೊಂದು ದೀಪವೂ ಹೋಯಿತು.

ಮನೆಯಲ್ಲಿ ಊಟಕ್ಕೆ ಕೂತರೂ ತಟ್ಟೆಯನ್ನು ಸಾರಿನ ಪಾತ್ರೆಗೂ ಮಜ್ಜಿಗೆ ಚೊಂಬಿಗೂ ನಡುವೆ ಓರೆಯಾಗಿ ತೂರಿಸಿ ಅಭ್ಯಾಸ ಮಾಡುತ್ತಿದ್ದರು. ಭುವನಾ ಅದನ್ನು ನೋಡಿ ನಕ್ಕಳು, ಆಮೇಲೆ ಅತ್ತಳು. “ಅಪ್ಪಾ, ಆಟೋದಲ್ಲೇ ಬಂದ್ಬಿಡಿ. ಸಂಬಂಧ ಮುರಿದ್ರೆ ಮುರೀಲಿ, ನಿಮ್ಮನ್ನ ಎಲ್ರೆದುರು ಹೀಗೆ ನೋಡಕ್ಕಾಗಲ್ಲ ನಂಗೆ” ಎಂದಳು. ಮುರಿದರೆ ಮುರಿಯಲಿ ಎಂಬ ಮಾತು ಅವಳ ಬಾಯಲ್ಲಿ ಎಷ್ಟು ಕಷ್ಟಪಟ್ಟು ಬಂತೆಂಬುದು ಭಾವನಿಗೂ ಗೊತ್ತಾಯಿತು. ಮಾರನೆಯ ದಿನ ಗಿರಣಿಗೆ ಅವರೇ ಮೊದಲು ಹೊರಟು ನಿಂತರು.

ನಿಶ್ಚಿತಾರ್ಥದ ದಿನ ಮೋಡ ಮುಚ್ಚಿತ್ತು. ಭಾವ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ಅಕ್ಕ, ಹಿಂದೆ ಹಣ್ಣಿನ ತಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು. ಭುವನಾ ಮೊದಲೇ ಹೋಗಿ ಛತ್ರದ ಒಳಗಿನ ಕಿಟಕಿಯಲ್ಲಿ ನಿಂತಿದ್ದಳು. ಮೆಟ್ಟಿಲ ಮೇಲೆ ಸದ್ಯೋಜಾತಪ್ಪನವರು ರೇಷ್ಮೆ ಪಂಚೆಯಲ್ಲಿ, ಪಕ್ಕದಲ್ಲಿ ಅವರ ಹೆಂಡತಿ ಶಾಂಭವಮ್ಮ, ಹಿಂದೆ ಹಿರಿಯರ ಸಾಲು. ವಿಶ್ವಾರಾಧ್ಯ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ. ಛತ್ರದ ಮುಂದೆ ಇದ್ದದ್ದು ಒಂದೇ ಸಂದಿ, ಒಂದು ಜೀಪಿಗೂ ಮೊಸರಿನ ವ್ಯಾನಿಗೂ ನಡುವೆ.

ಭಾವ ಜೀಪಿನ ಪಕ್ಕ ಸಮಕ್ಕೆ ತಂದು ನಿಲ್ಲಿಸಿದರು. ಒಂದು ಉಸಿರಿನಷ್ಟು ಹೊತ್ತು ಕಾದರು, ಆಸೆ ಯಾರನ್ನು ಬಿಟ್ಟಿದೆ. ಜೀಪು ಕದಲಲಿಲ್ಲ, ವ್ಯಾನೂ ಕದಲಲಿಲ್ಲ. ಮೆಟ್ಟಿಲ ಮೇಲೆ ಗುಸುಗುಸು ಎದ್ದಿತು. ಭಾವನ ಕತ್ತಿನ ಹಿಂಭಾಗದಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಅವರು ಕೈ ಚಾಚಿ ಹಿಂದಿನ ಗೇರು ಹಾಕಿದರು.

ಆ ಗೇರಿನ ಸದ್ದಿಗೆ ಇಡೀ ಬೀದಿ ಮುಖ ತಿರುಗಿಸಿತು. ಪೇದೆ, ದರ್ಜಿ ಈರಣ್ಣ, ಹೂವಿನ ಗೌರಮ್ಮ, ಮೆಟ್ಟಿಲ ಮೇಲಿನ ಹಿರಿಯರು, ಎಲ್ಲರೂ ಬೋರ್ಡುಗಳಿಗೆ ಕಣ್ಣು ನೆಟ್ಟರು. ಸದ್ಯೋಜಾತಪ್ಪನವರು ಕೂಡ ನನ್ನ ಬೋರ್ಡಿನತ್ತ ತಿರುಗಿದರು. ಆದರೆ ಅವರ ಕಣ್ಣು ಬೋರ್ಡಿನ ಮೇಲೆ ನಿಲ್ಲುತ್ತಿರಲಿಲ್ಲ.

ಮೊದಲ ಸಲ ಹಿಂದಿನ ಚಕ್ರ ರಸ್ತೆಯಂಚಿನ ಕಲ್ಲು ಹತ್ತಿ ಇಳಿಯಿತು, ನನ್ನ ತೊಡೆಯ ಮೇಲಿನ ಮೂಸಂಬಿಗಳು ಕಾಲಡಿಗೆ ಉರುಳಿದವು. ಎರಡನೇ ಸಲ ಮೂತಿ ರಸ್ತೆಯಲ್ಲೇ ಉಳಿದು, ಬಂದ ಬಸ್ಸು ಬ್ರೇಕು ಹಾಕಿ ನಿಂತಿತು. ಮತ್ತೆ ಹೊರಗೆ ಬಂದರು, ಮತ್ತೆ ಗೇರು ಹಾಕಿದರು. ಅಕ್ಕ ಎಲ್ಲರೆದುರು ಗಂಡನಿಗೆ ಹೇಳಿಕೊಡುವುದು ಬೇಡವೆಂದು ಕೈಗಳನ್ನು ಬಿಗಿಹಿಡಿದು ಕೂತಿದ್ದಳು.

ಮೂರನೇ ಸಲ ಕಾರು ಅರ್ಧಕ್ಕೆ ಬಂದಾಗ ಒಂದು ದನಿ ಕೇಳಿಸಿತು. “ಇನ್ನೂ ಕಟ್ ಬೇಕು.” ದರ್ಜಿ ಈರಣ್ಣ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು, ಬೋರ್ಡಿಗೇ ಹೇಳುವವನಂತೆ ಹೇಳಿದ್ದ.

“ಬೇಡ, ಸಾಕು! ಈಗ ಸೀದಾ ಬರ್ಲಿ” ಎಂದ ಪೇದೆ.

“ಬರ್ಲಿ, ಬರ್ಲಿ, ಬರ್ಲಿ… ಇನ್ನೂ ಜಾಗ ಐತೆ” ಎಂದಳು ಗೌರಮ್ಮ. ಅವಳಿಗೆ ಕಾರಿರಲಿ, ಸೈಕಲ್ಲೂ ಇರಲಿಲ್ಲ.

ಆಮೇಲೆ ತಡೆಯುವವರು ಯಾರು? ಬೀದಿಗೆ ಬೀದಿಯೇ ತಿರುಗಿ ನಿಂತಿತು. ಎಡಕ್ಕೆ ಎಂದವರೊಬ್ಬರು, ಬಲಕ್ಕೆ ಎಂದವರೊಬ್ಬರು, ವ್ಯಾನಿನ ಬೆನ್ನು ತಟ್ಟುತ್ತ ಲೆಕ್ಕ ಹೇಳಿದವರೊಬ್ಬರು. ಬ್ಯಾಂಕಿನ ಮ್ಯಾನೇಜರು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೈಬೀಸುತ್ತಿದ್ದರು. ಹುಟ್ಟಿದಾರಭ್ಯ ರಿವರ್ಸ್ ಕಂಡೇ ಇಲ್ಲವೆಂದು ಆಣೆ ಹಾಕುತ್ತಿದ್ದವರ ಬಾಯಲ್ಲೆಲ್ಲ ಕಟ್ಟು, ಬಂಪರು, ಮಿರರು. ಭಾವ ಗಾಬರಿಯಾಗಿ ಯಾರ ಮಾತು ಕೇಳಬೇಕೋ ತಿಳಿಯದೆ ಬಲಕ್ಕೆ ತಿರುಗಿಸತೊಡಗಿದರು.

“ಅಯ್ಯಯ್ಯೋ, ಈಗ್ಲೇ ಬಲಕ್ಕೆ ತಿರುಗ್ಸಬೇಡ್ರೀ!”

ಆ ಗರ್ಜನೆಗೆ ಬೀದಿ ತಣ್ಣಗಾಯಿತು. ಸದ್ಯೋಜಾತಪ್ಪನವರು ಮೆಟ್ಟಿಲಿಳಿದು, ಪಂಚೆ ಎತ್ತಿ ಕಟ್ಟಿ, ಕಾರಿನ ಮುಂದೆ ಬಂದು ನಿಂತಿದ್ದರು. “ಜೀಪಿನ ಬಂಪರ್ ದಾಟ್ಲಿ! ಸೀದಾ ಬನ್ನಿ. ಇನ್ನೂ, ಇನ್ನೂ… ಹಾಂ, ಈಗ! ಪೂರ್ತಿ ಬಲಕ್ಕೆ ಹೊಡೀರಿ, ಪೂರ್ತಿ! ಕ್ಲಚ್ ಮೇಲೆ ಕಾಲಿರ್ಲಿ!” ಎನ್ನುತ್ತ ಎರಡೂ ಕೈಗಳಲ್ಲಿ ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಭಾವ ಅವರ ಕೈ ನೋಡಿಕೊಂಡು ತಿರುಗಿಸಿದರು. ಕಾರು ಜೀಪಿಗೂ ವ್ಯಾನಿಗೂ ನಡುವೆ ಹೋಗಿ ಕೂತಿತು.

ಎಲ್ಲರೂ ನೋಡುತ್ತಿದ್ದದ್ದು ಸದ್ಯೋಜಾತಪ್ಪನವರ ಕೈಗಳನ್ನು. ಅವು ಇನ್ನೂ ಗಾಳಿಯಲ್ಲೇ ಇದ್ದವು, ಪೂರ್ತಿ ಬಲಕ್ಕೆ ತಿರುಗಿಸಿದ ಭಂಗಿಯಲ್ಲಿ. ಅವರು ಮೆಲ್ಲಗೆ ಕೈ ಇಳಿಸಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, “ನಮ್ಮ ಡ್ರೈವರ್ ಯಾವಾಗ್ಲೂ ಹೇಳ್ತಿರ್ತಾನೆ… ಕೇಳಿ ಕೇಳಿ…” ಎಂದರು.

“ಯಾವ ಡ್ರೈವರ್ರೀ?” ಎಂದರು ಶಾಂಭವಮ್ಮ, ಮೆಟ್ಟಿಲ ಮೇಲಿಂದ.

ಯಾವ ಸಮಾರಂಭಕ್ಕೆ ಹೋದರೂ ಸದ್ಯೋಜಾತಪ್ಪನವರ ಕಾರು ಎಲ್ಲರಿಗಿಂತ ಮೊದಲೇ ಬಂದು ನಿಂತಿರುತ್ತಿದ್ದದ್ದು ನನಗೆ ಆಗ ನೆನಪಾಯಿತು. ಎಂಥ ಸಮಯಪಾಲನೆ ಎಂದು ಹೊಗಳಿಕೊಂಡು ಬಂದಿದ್ದೆವು. ವಿಶ್ವಾರಾಧ್ಯ ಉಗುರು ಕಚ್ಚುವುದನ್ನು ಬಿಟ್ಟು ಜೋರಾಗಿ ನಕ್ಕುಬಿಟ್ಟ. ಒಳಗಿನ ಕಿಟಕಿಯಿಂದಲೂ ಒಂದು ನಗು ಕೇಳಿಸಿತು.

ಹಿರಿಯರಲ್ಲೊಬ್ಬರು ಕೆಮ್ಮಿ, “ಮತ್ತೆ… ಗಂಡಿನ ಕಡೆಯ ಜಾಗ ನೋಡೋದು?” ಎಂದರು.

“ಬಿಡಿ ಅತ್ಲಾಗೆ, ಈ ಬಿಸಿಲಲ್ಲಿ ಅದೊಂದು ಯಾಕೆ?” ಎಂದರು ಸದ್ಯೋಜಾತಪ್ಪನವರು. ಎಲ್ಲರೂ ಮೋಡ ಮುಚ್ಚಿದ ಆಕಾಶ ನೋಡಿ, ನಿಜ, ವಿಪರೀತ ಬಿಸಿಲು ಎಂದು ಒಪ್ಪಿಕೊಂಡರು. ಅವರು ಬಾಗಿಲು ತೆಗೆದು ಭಾವನ ಕೈ ಹಿಡಿದು ಇಳಿಸಿದರು. “ಬನ್ನಿ ಬೀಗರೇ, ಹುಡುಗರು ಕಾಯ್ತಿದಾರೆ” ಎಂದರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಯಾರೋ ಓಡಿಬಂದು ಭಾವನ ಕೊರಳಿಗೆ ಹಾರ ಹಾಕಿದರು, ಓಲಗದವರು ಶುರು ಹಚ್ಚಿಕೊಂಡರು.

ಅಕ್ಕ ಆ ಕಡೆಯ ಬಾಗಿಲಿನಿಂದ ಇಳಿದವಳು ಛತ್ರದ ಕಡೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು ಕಾರಿನ ಹಿಂದಿನ ಚಕ್ರವನ್ನು ನೋಡುತ್ತ ನಿಂತಳು. ಭಾವ ಅರ್ಧ ದಾರಿಯಲ್ಲಿ ನಿಂತು ತಿರುಗಿದರು. ಅವರ ಜೊತೆ ಎಲ್ಲರೂ ನಿಂತರು.

“ಏನು?” ಎಂದರು.

“ಒಂದು ಗೇಣು ಆಚೆಗೇ ಉಳೀತು. ಬಸ್ಸಿನೋರಿಗೆ ತೊಂದ್ರೆ.”

ಹಿಂದಾಗಿದ್ದರೆ ಭಾವ ಬಸ್ಸಿನವರನ್ನೇ ಬೇರೆ ದಾರಿಗೆ ಕಳಿಸುತ್ತಿದ್ದರು. ಒಳಗೆ ಮುಹೂರ್ತ ಮೀರುತ್ತಿತ್ತು, ಬೀಗರು ಕೈ ಹಿಡಿದೇ ಇದ್ದರು. ಭಾವ ಆ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಹಾರ ಹಾಕಿಕೊಂಡೇ ವಾಪಸು ಬಂದು ಸ್ಟಿಯರಿಂಗ್ ಹಿಂದೆ ಕೂತರು. ಗಾಜು ಇಳಿಸಿ ತಲೆ ಹೊರಗೆ ಹಾಕಿದರು.

“ಎಷ್ಟು ತಿರುಗಿಸ್ಲಿ, ನೀಲಾ?” ಎಂದು ಅಷ್ಟು ಜನರೆದುರು ಕೇಳಿದರು. ಅವರು ಅವಳನ್ನು ನಾಲ್ಕು ಜನರ ಮುಂದೆ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕನ ಕಣ್ಣು ತುಂಬಿಕೊಂಡಿತು, ಆದರೂ ಚಕ್ರದಿಂದ ದೃಷ್ಟಿ ತೆಗೆಯಲಿಲ್ಲ.

“ಅರ್ಧ ಸುತ್ತು ಸಾಕು” ಎಂದಳು. “ನಿಧಾನ. ನಾನಿದೀನಿ, ಬನ್ನಿ.”